ಅಕ್ಕೋರು ಕಾಂಡ್ಲಾವನಕ್ಕೆ ಇಳಿದ ದಿನ

ಇಳಿತದ ಹೊತ್ತು. ಹೊನ್ನಾವರ ಪೇಟೆಯಿಂದ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿನ ಕಾಂಡ್ಲಾವನದಲ್ಲಿ, ಅಂದರೆ ಮ್ಯಾಂಗ್ರೋವ್ ಕಾಡಿನಲ್ಲಿ, ನೀರು ಸರಿದು ರಾಡಿ ಬಯಲಾಗಿದೆ. ಗಿಡಗಳ ನಡುವೆ ಹಾಯುವ ಹಲಗೆದಾರಿಯ ಅಂಚಿನಲ್ಲಿ ಚಪ್ಪಲಿಗಳ ಸಾಲು. ಚಪ್ಪಲಿ ಬಿಟ್ಟವರು ಕೆಳಗೆ ಮೊಣಕಾಲುದ್ದ ರಾಡಿಯಲ್ಲಿ ನಿಂತಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದವರು, ಪ್ಯಾಂಟು ಮಡಚಿದವರು, ದುಪಟ್ಟಾ ಬಿಗಿದು ಕಟ್ಟಿದವರು. ಹೆಗಲಲ್ಲಿ ಚೀಲ, ಕೈಯಲ್ಲಿ ನೋಟ್‌ಬುಕ್. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕುಗಳಿಂದ ಅನ್ಯ ಕರ್ತವ್ಯ (ಒಒಡಿ) ಹಾಕಿಸಿಕೊಂಡು, ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ಶಾಲಾ ಶಿಕ್ಷಕರು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ಇವತ್ತು ಮಾಸ್ತರೂ ಅಕ್ಕೋರೂ ಕಲಿಯುವ ಕಡೆ ನಿಂತಿದ್ದಾರೆ.

ಕಲಿಸಲು ನಿಂತವನು ಅರಣ್ಯ ಇಲಾಖೆಯ ಒಬ್ಬ ಗಾರ್ಡು. ಗಟ್ಟಿ ಎಲೆಯ ಒಂದು ಗಿಡದ ಹತ್ತಿರ ಹೋದ. ಒಂದೇ ಒಂದು ಎಲೆ ಕಿತ್ತು ಪಕ್ಕದ ಅಕ್ಕೋರ ಕೈಗೆ ಕೊಟ್ಟ.

"ನೆಕ್ಕಿ ನೋಡಿ ಅಕ್ಕೋರೇ."

ಅವರು ಅನುಮಾನದಿಂದಲೇ ನಾಲಿಗೆ ತಾಗಿಸಿದರು. "ಅಯ್ಯೋ, ಉಪ್ಪು!"

"ಅದ್ಕೇ ಇದು ಉಪ್ಪಟ್ಟಿ."

ಎಲೆ ಕೈಯಿಂದ ಕೈಗೆ ಹೋಯಿತು. ಬೇರಿನಿಂದ ಏರಿದ ಉಪ್ಪನ್ನು ಈ ಗಿಡ ಎಲೆಯ ಮೂಲಕ ಹೊರಗೆ ಹಾಕುತ್ತದೆ, ಬಿಸಿಲಿಗೆ ಅದು ಪುಡಿಯಾಗಿ ಎಲೆಯ ಮೇಲೆ ನಿಲ್ಲುತ್ತದೆ. ಪಕ್ಕದ ಕಾಂಡ್ಲಾದ ದಾರಿಯೇ ಬೇರೆ. ಅದು ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ತಡೆಯುತ್ತದೆ. ಅದರ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಇಳಿದು, ಹದ ಬಂದಾಗ ಕಳಚಿ ರಾಡಿಗೆ ನೆಟ್ಟಗೆ ಬೀಳುತ್ತದೆ. ಕೆಳಗೆ ಒಂದೇ ಕೊಂಬಿನ ಏಡಿಗಳು ಆ ದೊಡ್ಡ ಕೊಂಬನ್ನು ಮೇಲೆ ಕೆಳಗೆ ಆಡಿಸುತ್ತ ಯಾರನ್ನೋ ಕರೆಯುತ್ತಿದ್ದವು. ಎಲೆ ನೆಕ್ಕಿದ ಅಕ್ಕೋರು ಮಾತ್ರ ಇನ್ನೂ ಉಪ್ಪಟ್ಟಿಯ ಬಳಿಯೇ ನಿಂತಿದ್ದರು. "ಇಪ್ಪತ್ತೆರಡು ವರ್ಷ ಪರಿಸರ ಅಧ್ಯಯನ ಕಲಿಸಿದ್ದೇನೆ. ಎಲೆ ನೆಕ್ಕಿದ್ದು ಇವತ್ತೇ ಮೊದಲು" ಎಂದರು. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ, ಸಂತೋಷ ಇತ್ತು. ನಾನು ಅಂದು ಅವರೊಂದಿಗೆ ಇಡೀ ದಿನ ತಿರುಗಲು ಆ ಸಂತೋಷವೇ ಕಾರಣ.

ಮಕ್ಕಳಿಗೆ ಕಾಡು, ಕಡಲು, ಪ್ರಾಣಿ, ಪಕ್ಷಿಗಳನ್ನು ಕಲಿಸುವ ಶಿಕ್ಷಕರಿಗೆ ಮೊದಲು ಅವುಗಳ ಪರಿಚಯ ಮಾಡಿಸಬೇಕು ಎನ್ನುವ ವಿಚಾರ ನಮ್ಮ ಕರಾವಳಿಗೆ ಒಂದೇ ದಿನ ಬಂದದ್ದಲ್ಲ, ಒಂದೇ ಸಂಸ್ಥೆ ತಂದದ್ದೂ ಅಲ್ಲ. ಘಟ್ಟದ ಹೊಳೆಗಳ ಹಾಗೆ ಹತ್ತು ಕಡೆ ಜಿನುಗಿ ಒಂದಾಗಿದೆ. ನನಗೆ ತಿಳಿದ ಮಟ್ಟಿಗೆ ಅದರ ಒಂದು ದೊಡ್ಡ ಒರತೆ ಮಾಧವ ಗಾಡ್ಗೀಳರ ಕೆಲಸದಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮ ಘಟ್ಟದುದ್ದಕ್ಕೂ ಕಾಲೇಜು ಅಧ್ಯಾಪಕರ ಒಂದು ಜಾಲ ಕಟ್ಟಿದರು. ಆಯಾ ಊರಿನ ಅಧ್ಯಾಪಕರೇ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಸುತ್ತಲಿನ ಮರ, ಹಕ್ಕಿ, ಚಿಟ್ಟೆಗಳನ್ನು ಒಂದೇ ಬಗೆಯ ಕ್ರಮದಲ್ಲಿ ಎಣಿಸಿ ಬರೆದಿಡುವುದು ಅದರ ಹೂರಣ. ಆ ಅನುಭವವನ್ನು ಅವರು 1996ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಎಂದೇ ಬರೆದರು. ದೊಡ್ಡ ಪ್ರಯೋಗಾಲಯ ಇಲ್ಲದ ಊರಿನ ಮಾಸ್ತರನೂ ವಿಜ್ಞಾನ ಮಾಡಬಲ್ಲ ಎಂಬ ನಂಬಿಕೆ ಅದರ ಹಿಂದಿತ್ತು.

ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಷ್ ಚಂದ್ರನ್ ಆ ನಂಬಿಕೆಗೆ ನಮ್ಮ ಜಿಲ್ಲೆಯ ಸಾಕ್ಷಿ. ಹೊನ್ನಾವರದ ಕರಿಕಾನಮ್ಮನ ಗುಡ್ಡದಂಥ ದೇವರ ಕಾನುಗಳಲ್ಲಿ ಹಳೆಯ ಮಹಾವೃಕ್ಷಗಳು ಯಾಕೆ ಉಳಿದವು, ಊರವರ ಭಯಭಕ್ತಿ ಒಂದು ಕಾಡನ್ನು ಹೇಗೆ ಕಾಯಿತು ಎನ್ನುವುದನ್ನು ಅವರೂ ಗಾಡ್ಗೀಳರೂ ಸೇರಿ ಬರೆದಿದ್ದಾರೆ. ಕಾಸರಕೋಡಿನಲ್ಲಿ ಡಾ. ಕುಸುಮಾ ಸೊರಬ ಕಟ್ಟಿದ ಸ್ನೇಹಕುಂಜ ರೋಗಿಗಳ ಆರೈಕೆಯಿಂದ ಶುರುವಾಗಿ ಹೊಳೆ, ಕಾಂಡ್ಲಾ, ಮಲೆನಾಡಿನ ಜೌಗುಗಳ ಕಾಳಜಿಯವರೆಗೆ ಬೆಳೆಯಿತು. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಶಾಲೆಗಳಲ್ಲಿ ಇಕೋ ಕ್ಲಬ್ ಕಟ್ಟುವ ರಾಷ್ಟ್ರೀಯ ಹಸಿರು ಪಡೆ ಬಂದದ್ದು 2001-02ರಲ್ಲಿ. ಆಮೇಲೆ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ. ಹೀಗೆ ಒಂದರ ಮೇಲೊಂದು ಆದೇಶ ಬಂದು, ಪ್ರತಿ ಶಾಲೆಯಲ್ಲೂ ಒಬ್ಬ ಶಿಕ್ಷಕರ ಹೆಸರಿನ ಮುಂದೆ 'ಇಕೋ ಕ್ಲಬ್ ಉಸ್ತುವಾರಿ' ಎಂದು ಬರೆದದ್ದಾಯಿತು. ಆದರೆ ಉಸ್ತುವಾರಿ ಕೊಟ್ಟಷ್ಟು ಸುಲಭವಾಗಿ ಕಣ್ಣು ಕೊಡಲಾಗುವುದಿಲ್ಲ. ಕಣ್ಣು ಬರುವುದು ರಾಡಿಗಿಳಿದಾಗ.

ಕಾಂಡ್ಲಾದಿಂದ ಮೇಲೆ ಬಂದು ಕಾಲು ತೊಳೆದು, ಮರದ ನೆರಳಲ್ಲಿ ಅವಲಕ್ಕಿ, ಮಜ್ಜಿಗೆ. ಆ ಹೊತ್ತಿನ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅಘನಾಶಿನಿ ದಡದ ಊರೊಂದರಲ್ಲಿ ಕಲಿಸುವ ಕುಮಟಾದ ಮಾಸ್ತರೊಬ್ಬರು ಒಂದು ಪ್ರಶ್ನೆ ಎತ್ತಿದರು: "ನಮ್ಮ ಹೊಳೆಯಲ್ಲಿ ಬೆಳಚು ರಾಶಿರಾಶಿ. ಇಲ್ಲಿ, ಶರಾವತಿಯಲ್ಲಿ ಯಾಕಿಲ್ಲ? ಎರಡು ಹೊಳೆಬಾಯಿಗೆ ಎಷ್ಟು ದೂರ ಮಹಾ?"

ಬೆಳಚು ಎಂದರೆ ಚಿಪ್ಪಿಕಲ್ಲು. ಇಳಿತದಲ್ಲಿ ಹೆಂಗಸರೂ ಗಂಡಸರೂ ಹೊಳೆಗಿಳಿದು ಕಾಲಿನಿಂದಲೇ ತಡವಿ, ಕೈಯಿಂದ ಬುಟ್ಟಿಗೆ ತುಂಬುವ ಬಡವರ ಮಾಂಸ. 2008ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದ ಲೆಕ್ಕದಂತೆ ಅಘನಾಶಿನಿ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿಕಲ್ಲು ತೆಗೆಯುತ್ತಿದ್ದರು. ಅದರ ಬೆಲೆ ಆಗ ಐದೂಮುಕ್ಕಾಲು ಕೋಟಿ ರೂಪಾಯಿ. ಎರಡು ಸಾವಿರಕ್ಕೂ ಹೆಚ್ಚು ಜನರ ದುಡಿಮೆ ಅದು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಕಡಲಿನ ಉಪ್ಪು ಒಳಗೆ ಬರುತ್ತದೆ. ಆ ಏರಿಳಿತಕ್ಕೆ ಒಗ್ಗಿದ ಜೀವ ಬೆಳಚು. ಶರಾವತಿಗಾದರೆ 1964ರಲ್ಲಿ ಲಿಂಗನಮಕ್ಕಿ ಬಂತು, ಈ ಶತಮಾನದ ಆರಂಭಕ್ಕೆ ಗೇರುಸೊಪ್ಪೆಯ ಕಟ್ಟೆ ಬಂತು. ವಿದ್ಯುತ್ತು ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಬಿಡದೆ ಹರಿಯುತ್ತದೆ. ಅಳಿವೆಯ ಉಪ್ಪು ಸೋತಿತು, ಬೆಳಚು ಹೋಯಿತು.

ಮಾಸ್ತರು ನೋಟ್‌ಬುಕ್ ತೊಡೆಯ ಮೇಲಿಟ್ಟು ಅಲ್ಲೇ ಪಾಠಯೋಜನೆ ಮಾಡಿದರು. ಎರಡು ಬಾಟಲಿ, ಎರಡು ಹೊಳೆಯ ನೀರು. ಸಮ ಅಳತೆಯ ನೀರನ್ನು ಎರಡು ತಟ್ಟೆಗೆ ಹಾಕಿ ಬಿಸಿಲಿಗಿಡುವುದು. ಸಂಜೆಗೆ ಎಷ್ಟು ಉಪ್ಪು ಉಳಿಯಿತೋ ನೋಡುವುದು. ಆರನೇ ಇಯತ್ತೆಯ ಮಗು ಮಾಡಬಲ್ಲ ಪ್ರಯೋಗ. ಆ ತಟ್ಟೆಯ ತಳದಲ್ಲಿ ಅಣೆಕಟ್ಟು, ವಿದ್ಯುತ್ತು, ಮೀನುಗಾರರ ಹೊಟ್ಟೆಪಾಡು ಎಲ್ಲ ಕಾಣುತ್ತದೆ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ ಸೇರಿತು, ಜಗತ್ತಿನ ಮಹತ್ವದ ಜೌಗುನೆಲಗಳ ಸಾಲಿನಲ್ಲಿ ನಿಂತಿತು. ಆ ಸುದ್ದಿ ಪತ್ರಿಕೆಯಲ್ಲಿ ಓದಿದ ಮಕ್ಕಳಿಗೆ ರಾಮ್ಸರ್ ಇರಾನಿನ ಒಂದು ಊರು ಎಂದು ತಿಳಿಯಲಿ. ಅದಕ್ಕಿಂತ ಮುಂಚೆ ಮಾಣಿಕಟ್ಟಾದ ಗಜನಿ ಗದ್ದೆಯಲ್ಲಿ ಉಪ್ಪುನೀರಿಗೆ ಜಗ್ಗದೆ ನಿಲ್ಲುವ ಕಗ್ಗ ಭತ್ತ ಅವರ ಕೈಗೆ ಸಿಗಲಿ.

ಮಧ್ಯಾಹ್ನ ಬಸ್ಸು ಗೇರುಸೊಪ್ಪೆಯ ಕಡೆ ತಿರುಗಿತು. ಎಡಬಲದಲ್ಲಿ ತೆಂಗು, ಅಡಿಕೆ, ನಡುನಡುವೆ ಹೊಳೆಯ ಬೆಳಕು. ಮೆಣಸಿನ ರಾಣಿ ಚೆನ್ನಭೈರಾದೇವಿಯ ಊರು ದಾಟಿ ಘಟ್ಟ ಹತ್ತಿದಂತೆ ಕಡಲ ಗಾಳಿ ನಿಂತಿತು, ತಂಪು ಬಂತು. ಎಲ್ಲರೂ ಇಳಿದು ಸದ್ದಿಲ್ಲದೆ ನಡೆದೆವು. ಸದ್ದಿಲ್ಲದಿರುವುದು ಶಿಕ್ಷಕರಿಗೆ ಎಷ್ಟು ಕಷ್ಟ ಎಂದು ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಆಮೇಲೆ ಕಾಡೇ ಸುಮ್ಮನಿರಿಸಿತು.

ಮೊದಲು ಕೇಳಿಸಿದ್ದು ಹಣ್ಣು ಬೀಳುವ ಸದ್ದು. ಟಪ್. ಮತ್ತೆ ಟಪ್. ಆಮೇಲೆ ಕೊಂಬೆ ಬಾಗಿ ಎದ್ದಿತು. ಎಲೆಗಳ ಸಂದಿಯಲ್ಲಿ ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿಯ ಕೂದಲಿನ ಬಳೆ, ಬಾಲದ ತುದಿಗೊಂದು ಗೊಂಡೆ. ಸಿಂಗಳೀಕ. ಒಂದರ ಹಿಂದೆ ಇನ್ನೊಂದು, ಹೊಟ್ಟೆಗೆ ಮರಿ ಅವುಚಿಕೊಂಡ ಮತ್ತೊಂದು. ಯಾರೂ ಉಸಿರೆತ್ತಲಿಲ್ಲ. ಭಟ್ಕಳದ ಉರ್ದು ಶಾಲೆಯ ಶಿಕ್ಷಕಿಯೊಬ್ಬರು ನನ್ನ ತೋಳು ಬಿಗಿಯಾಗಿ ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ.

ಗುಂಪು ಮರದಿಂದ ಮರಕ್ಕೆ ಸರಿದು ಹೋದ ಮೇಲೆ ಗಾರ್ಡು ಕೇಳಿದ: ಇದುವರೆಗೆ ತರಗತಿಯಲ್ಲಿ ಸಿಂಗಳೀಕ ಎಂದು ಯಾವುದನ್ನು ತೋರಿಸಿದ್ದಿರಿ? ಇಬ್ಬರು ಒಪ್ಪಿಕೊಂಡರು, ಕರಿಮುಖದ ಮುಸಿಯವನ್ನೇ ಸಿಂಗಳೀಕ ಎಂದುಕೊಂಡಿದ್ದರಂತೆ. ತೋಟಕ್ಕೆ ಬರುವ ಮಂಗ ಬೇರೆ, ಉದ್ದಬಾಲದ ಮುಸಿಯ ಬೇರೆ, ದಟ್ಟ ಕಾಡಿನ ಮೇಲ್ಮಾಳಿಗೆ ಬಿಟ್ಟು ಕೆಳಗಿಳಿಯಲು ಮನಸ್ಸೇ ಮಾಡದ ಸಿಂಗಳೀಕ ಬೇರೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಎಲ್ಲೂ ಇದರ ಕಾಡುನೆಲೆ ಇಲ್ಲ. ಆ ನೆಲೆಯ ಉತ್ತರದ ತುದಿ ನಮ್ಮ ಜಿಲ್ಲೆ. ಎಚ್.ಎನ್. ಕುಮಾರ, ಮೇವಾ ಸಿಂಗ್ ಮತ್ತವರ ಸಂಗಡಿಗರು ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಹೆಜ್ಜೆ ಹೆಜ್ಜೆ ನಡೆದು ಮೂವತ್ತಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದ ಮೇಲೆಯೇ ಈ ಕಾಡಿನ ಬೆಲೆ ಹೊರಗೆ ತಿಳಿದದ್ದು. 2011ರಲ್ಲಿ 299.52 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದೂ ಶರಾವತಿ ಕಣಿವೆಯ ಅಭಯಾರಣ್ಯವೂ ಇನ್ನಷ್ಟು ಕಾಡೂ ಸೇರಿ 930.16 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು.

ಇಲ್ಲಿ ಒಂದು ಕಷ್ಟದ ಪಾಠವಿದೆ, ಅದನ್ನು ಶಿಕ್ಷಕರು ತಪ್ಪಿಸಿಕೊಳ್ಳಬಾರದು. ಸಿಂಗಳೀಕಕ್ಕೆ ಬೇಕಾದ ಉಪ್ಪಾಗೆ ಎಂಬ ಕಾಡುಹಣ್ಣು ಊರವರಿಗೂ ಬೇಕು. ಮಳೆಗಾಲದಲ್ಲಿ ಹಣ್ಣು ಕೊಯ್ದು, ಸಿಪ್ಪೆಯನ್ನು ಸೌದೆ ಬೆಂಕಿಯಲ್ಲಿ ಒಣಗಿಸಿ ಮಾರುವುದು ಎಷ್ಟೋ ಮನೆಗಳ ವರ್ಷದ ಆದಾಯ. ಬೀಜದಿಂದ ತುಪ್ಪ ತೆಗೆಯುತ್ತಾರೆ. ತಂದೆ ಉಪ್ಪಾಗೆ ಕೊಯ್ಯುವ ಮನೆಯ ಮಗು ಮುಂದಿನ ಬೆಂಚಿನಲ್ಲಿ ಕೂತಿರುವಾಗ 'ಮನುಷ್ಯರು ಕಾಡನ್ನು ಹಾಳುಮಾಡುತ್ತಾರೆ' ಎಂದು ಕರಿಹಲಗೆಯ ಮೇಲೆ ಬರೆಯುವುದು ಅನ್ಯಾಯ. ಬಲಿಯುವ ಮೊದಲೇ ಕಾಯಿ ಕೊಯ್ಯದಿರುವುದು, ಕೊಂಬೆ ಕಡಿಯದಿರುವುದು, ಮರದಲ್ಲಿ ಒಂದಿಷ್ಟು ಬಿಟ್ಟು ಬರುವುದು, ಸೌದೆ ಕಡಿಮೆ ಉರಿಯುವ ಒಲೆ ಹೂಡುವುದು, ಇವೆಲ್ಲ ಆ ಮಗುವಿನ ಮನೆಯಲ್ಲೇ ನಡೆಯಬಹುದಾದ ಮಾತು. ವನ್ಯಜೀವಿ ಪಾಠ ಮನೆಯವರನ್ನು ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸಿದ ದಿನ ಆ ಮಗುವಿನ ಕಿವಿ ಮುಚ್ಚಿಹೋಗುತ್ತದೆ.

ಭಯದ ಪಾಠವೂ ಹಾಗೆಯೇ. ಹೊನ್ನಾವರ, ಭಟ್ಕಳದ ಒಳಹಳ್ಳಿಗಳಿಗೆ ಮಂಗನ ಕಾಯಿಲೆ ಗೊತ್ತು. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು, ಉಣ್ಣೆ ಕಚ್ಚದಂತೆ ನೋಡಿಕೊಳ್ಳಬೇಕು. ಹಾವು ಕಚ್ಚಿದರೆ ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟದೆ ಆಸ್ಪತ್ರೆಗೆ ಓಡಬೇಕು. ಇದನ್ನು ಒಬ್ಬ ಶಿಕ್ಷಕಿ ಸರಿಯಾಗಿ ಕಲಿತರೆ ಮೂವತ್ತು ಮನೆಗೆ ತಲುಪುತ್ತದೆ.

ಹಾವಿನ ಮಾತು ಬಂದಾಗ ಯಾರೋ ಕಾಳಿಂಗನ ಹೆಸರೆತ್ತಿದರು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಳಿಂಗ ಸರ್ಪ ಬೇರೆಯೇ ಪ್ರಭೇದ ಎಂದು ತೋರಿಸಿ 'ಓಫಿಯೋಫೇಗಸ್ ಕಾಳಿಂಗ' ಎಂದು ಹೆಸರಿಟ್ಟರು. ನಮ್ಮ ಅಜ್ಜಿಯರ ಬಾಯಿಯ ಮಾತು ಈಗ ಜಗತ್ತಿನ ವಿಜ್ಞಾನದ ಹೆಸರು. ಇದೇ ದಾರಿಯಲ್ಲಿ ಇನ್ನೂ ಮೇಲೆ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಲ್ಲಿ, ನೀರಿನಿಂದ ಮಂಡಿ ಮಡಚಿದ ಬೇರುಗಳೆದ್ದು ನಿಂತ ಆ ಕೆಸರುಕಾಡಿನಲ್ಲಿ, ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಕಂಡ ಹೊಸ ಮರಕ್ಕೆ 2000ದಲ್ಲಿ 'ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಹೆಸರಾಯಿತು. ಆ ಹೆಸರಿನಲ್ಲೂ ನಮ್ಮ ಕಾನಿನ ಕತ್ತಲೆ ಕೂತಿದೆ. ಮಕ್ಕಳು ಮನೆಯಿಂದ ತರುವ ಹೆಸರುಗಳನ್ನು 'ಅದು ಗ್ರಾಮ್ಯ' ಎಂದು ಪಕ್ಕಕ್ಕಿಡುವ ಶಿಕ್ಷಕರಿಗೆ ಈ ಎರಡು ಹೆಸರು ಸಾಕು. ಒಂದೇ ಮೀನಿಗೆ ಖಾರ್ವಿಯರ ಕೊಂಕಣಿಯಲ್ಲಿ ಒಂದು ಹೆಸರು, ಭಟ್ಕಳದ ನವಾಯತಿಯಲ್ಲಿ ಇನ್ನೊಂದು, ಹಾಲಕ್ಕಿ ಒಕ್ಕಲಿಗರ ಕನ್ನಡದಲ್ಲಿ ಮತ್ತೊಂದು ಇದ್ದೀತು. ಒಂದೊಂದು ಹೆಸರಿನಲ್ಲೂ ಯಾರೋ ನೂರಾರು ವರ್ಷ ನೋಡಿ ಕಂಡುಕೊಂಡ ಒಂದು ಗುಣ ಇದೆ. ಬೆಳಿಗ್ಗೆಯ ಉಪ್ಪಟ್ಟಿಯ ಹಾಗೆ.

ಸಂಜೆಗೆ ಮುರ್ಡೇಶ್ವರ. ಬೆಳಗಿನ ಕಾಂಡ್ಲಾ, ಮಧ್ಯಾಹ್ನದ ಕಾನು, ಸಂಜೆಯ ಕಡಲು, ಮೂರೂ ಒಂದೇ ದಿನದ ಬಸ್ಸಿನ ದಾರಿ. ಅರಣ್ಯ ಇಲಾಖೆಗೂ ಈ ಮೂರು ತಾಲ್ಲೂಕು ಒಂದೇ ಹೊನ್ನಾವರ ವಿಭಾಗ. ಇಂಥ ಪಾಠಶಾಲೆ ಎಷ್ಟು ಜನರಿಗೆ ಸಿಕ್ಕೀತು! ಮರಳಿನ ಮೇಲೆ ಕೂತಾಗ ಪಡುವಣದಲ್ಲಿ ನೇತ್ರಾಣಿ ಗುಡ್ಡ ಮಸುಕಾಗಿ ತೇಲುತ್ತಿತ್ತು. ಬಿಳಿಹೊಟ್ಟೆಯ ಕಡಲಹದ್ದುಗಳು ತಲೆಮಾರುಗಳಿಂದ ಗೂಡು ಕಟ್ಟುವ ದ್ವೀಪ ಅದು, ಅದರ ಬುಡದಲ್ಲಿ ಹವಳ ಇದೆ. ಇತ್ತ ಹೊನ್ನಾವರದ ಅಪ್ಸರಕೊಂಡ-ಮುಗಳಿ ತೀರದಲ್ಲಿ ರಾಜ್ಯದ ಮೊದಲ ಕಡಲ ವನ್ಯಧಾಮ ರೂಪುಗೊಂಡಿದೆ. ಸುಮಾರು 5,959 ಹೆಕ್ಟೇರ್, ಅದರಲ್ಲಿ ಬಹುಪಾಲು ನೀರು.

ಕಡಲಾಮೆಯ ಪಾಠ ಮಾಡಿದ್ದು ಗಾರ್ಡಲ್ಲ, ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಹಿರಿಯರು. ಚಳಿಗಾಲದ ರಾತ್ರಿಗಳಲ್ಲಿ ಆಮೆ ಮರಳಿಗೆ ಬಂದು ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ, ಮುಚ್ಚಿ ಹೋಗುತ್ತದೆ, ತಿರುಗಿ ನೋಡುವುದಿಲ್ಲ. ನಲವತ್ತೈದು ಅರವತ್ತು ದಿನಕ್ಕೆ ಮರಿ ಎದ್ದು ಕಡಲ ಮೇಲಿನ ಬೆಳಕಿನ ಕಡೆ ಹರಿದು ಹೋಗುತ್ತದೆ. ದಡದಲ್ಲಿ ದೀಪ ಜಾಸ್ತಿಯಾದರೆ ದಾರಿ ತಪ್ಪಿ ಊರ ಕಡೆ ಬರುತ್ತದೆ. "ನಮ್ಮ ಮೊಮ್ಮಗ ನಿಮ್ಮ ಶಾಲೆಗೇ ಬರೂದು ಮಾಸ್ತರ್ರೇ. ಅವ್ನಿಗೆ ಇದೆಲ್ಲ ಗೊತ್ತದೆ. ಕೇಳಿಲ್ವಾ ನೀವು?" ಎಂದರು ಅವರು ನಮ್ಮ ಗುಂಪಿನ ಒಬ್ಬ ಮಾಸ್ತರಿಗೆ. ಮಾಸ್ತರು ತಲೆತಗ್ಗಿಸಿ, "ಇಲ್ಲ, ಕೇಳ್ತೇನೆ" ಎಂದರು.

ಕತ್ತಲಾಗುವ ಮೊದಲು ನಿವೃತ್ತಿಯ ಅಂಚಿನಲ್ಲಿದ್ದ ಮತ್ತೊಬ್ಬ ಮಾಸ್ತರು ತಮ್ಮ ಒಂದು ನೋವು ಹೇಳಿಕೊಂಡರು. ಘಟ್ಟದ ಬುಡದ ಒಂದು ಶಾಲೆಯಲ್ಲಿ ಎಂಟು ವರ್ಷ ಇದ್ದಾಗ ಮಕ್ಕಳ ಜೊತೆ ಸೇರಿ ಒಂದು ಪಟ್ಟಿ ಬರೆದಿದ್ದರಂತೆ. ಮಂಗಟ್ಟೆ ಹಕ್ಕಿ ಯಾವ ತಿಂಗಳು ಶಾಲೆಯ ಹಿಂದಿನ ಆಲದ ಮರಕ್ಕೆ ಬಂತು, ಮೊದಲ ಮಳೆಗೆ ಯಾವ ಕಪ್ಪೆ ಕೂಗಿತು, ಮುರುಗಲು ಯಾವಾಗ ಹಣ್ಣಾಯಿತು, ಹೊಳೆಯಲ್ಲಿ ಯಾವ ಮೀನು ಸಿಗದಾಯಿತು. ವರ್ಗವಾದಾಗ ಆ ನೋಟ್‌ಬುಕ್ ಅವರ ಟ್ರಂಕಿನಲ್ಲಿ ಅವರ ಜೊತೆಗೇ ಬಂತು. ಶಾಲೆಯಲ್ಲಿ ಏನೂ ಉಳಿಯಲಿಲ್ಲ. ಮುಂದೆ ಬಂದವರು ಮತ್ತೆ ಮೊದಲಿನಿಂದ ಶುರುಮಾಡಿದರೋ ಇಲ್ಲವೋ.

ಈ ಮಾತು ನನ್ನನ್ನು ಬಿಟ್ಟಿಲ್ಲ. ತರಬೇತಿಗಳು ಹೆಚ್ಚಿವೆ, ಕುಮಟಾದ ಶಿಕ್ಷಕ ತರಬೇತಿ ಸಂಸ್ಥೆ ಡಯಟ್‌ನಿಂದ ಕ್ಲಸ್ಟರಿನ ಸಮಾಲೋಚನಾ ಸಭೆಯವರೆಗೆ ಪರಿಸರದ ಮಾತು ಬರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಗೂ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇರಬೇಕು. ಆ ಪುಸ್ತಕಕ್ಕೆ ಜೀವ ಬರುವುದು ಊರ ಶಾಲೆಯ ನೋಟ್‌ಬುಕ್ಕಿನಿಂದ. ಇಷ್ಟೆಲ್ಲ ಬೆಳೆದ ಕೆಲಸ ಒಬ್ಬೊಬ್ಬ ಶಿಕ್ಷಕರ ವರ್ಗಾವಣೆಯ ಜೊತೆ ಊರು ಬಿಡುವುದಾದರೆ ಅದು ಬೆಳವಣಿಗೆಯಲ್ಲ.

ಅದಕ್ಕಾಗಿ ಮೂರು ತಾಲ್ಲೂಕಿನ ಅಕ್ಕೋರಲ್ಲಿ, ಮಾಸ್ತರಲ್ಲಿ ನನ್ನದೊಂದು ಕೋರಿಕೆ. ಮಳೆಗಾಲಕ್ಕೆ ಶಾಲೆಯ ಬಾಗಿಲು ತೆರೆಯುವಾಗ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಹಾಜರಿ ಪುಸ್ತಕದ ಪಕ್ಕದಲ್ಲಿಡಿ. ಮೊದಲ ಪುಟದಲ್ಲಿ ಮೊದಲ ಮಳೆಯ ದಿನಾಂಕ, ಅಂದು ಕೂಗಿದ ಕಪ್ಪೆಗೆ ನಿಮ್ಮೂರಿನಲ್ಲಿರುವ ಹೆಸರು, ಆ ಹೆಸರು ಹೇಳಿದ ಮಗುವಿನ ಹೆಸರು ಬರೆಯಿರಿ. ವರ್ಗವಾಗಿ ಹೋಗುವಾಗ ಅದನ್ನು ಶಾಲೆಯಲ್ಲೇ ಬಿಟ್ಟು ಹೋಗಿ.